ಎಷ್ಟರಲ್ಲಿ ಎಷ್ಟು?

ಕೆಲವು ವರ್ಷದ ಹಿಂದೆ ನನಗೆ ಎಣಿಸುವ ಹುಚ್ಚು ಹಿಡಿಯಿತು. ನಾವೊಂದಿಷ್ಟು ಸ್ನೇಹಿತರು ಸೇರಿ ರಜೆಯ ದಿನ ಆಡುವ ಫುಟ್‌ಬಾಲ್ ಟೀಮ್ ಒಂದಿದೆ. ಗೆಲ್ಲುವುದಕ್ಕಿಂತ ಸೋಲುವುದೇ ಜಾಸ್ತಿ, ಆದರೂ ಆಡುತ್ತೇವೆ. ಆ ವರ್ಷ ನನ್ನ ಮೊಣಕಾಲು ಕೈಕೊಟ್ಟಿತ್ತು (ಕಾಲು ಕೈ ಕೊಡುವುದು ಹೇಗೆ ಅಂತ ಕೇಳಬೇಡಿ). ಆಡುವ ಹಾಗಿಲ್ಲ, ಸುಮ್ನೆ ಮನೆಯಲ್ಲಿ ಕೂರುವ ಮನಸ್ಸೂ ಇಲ್ಲ. ಹಾಗಾಗಿ ಗೆರೆಯ ಪಕ್ಕ ಒಂದು ನೋಟ್‌ಬುಕ್ ಹಿಡಿದು ಕೂತೆ. ಯಾರು ಎಷ್ಟು ಪಾಸ್ ಕೊಟ್ಟರು, ಯಾರು ಎಷ್ಟು ಟ್ಯಾಕಲ್ ಮಾಡಿದರು (ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಂಡರು), ಗೋಲಿನ ಕಡೆ ಎಷ್ಟು ಹೊಡೆತ, ಎಲ್ಲದಕ್ಕೂ ಗೀಟು ಹಾಕುತ್ತಾ ಹೋದೆ.

ಆರು ಪಂದ್ಯ ಆದ ಮೇಲೆ ಕೂಡಿಸಿ ನೋಡಿದರೆ ನಮ್ಮ ಲೆಫ್ಟ್ ಬ್ಯಾಕ್, ಅಂದರೆ ಎಡಬದಿ ಕಾಯುವ ಡಿಫೆಂಡರ್, ಎಲ್ಲರಿಗಿಂತ ಮುಂದೆ. ಟ್ಯಾಕಲ್ ಅಂದರೆ ಅವನೇ. ಎರಡನೆಯವನಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ನಾನು ಖುಷಿಯಿಂದ ಹೋಗಿ ಕ್ಯಾಪ್ಟನ್‌ಗೆ ಹೇಳಿದೆ, ನೋಡು, ನಮ್ಮ ಅತಿ ಒಳ್ಳೆಯ ಡಿಫೆಂಡರ್ ಇವನು, ನೀವೆಲ್ಲ ಸುಮ್ನೆ ಅವನನ್ನು ಬೈತೀರಿ ಅಂತ. ಅವನು ಜೋರಾಗಿ ನಕ್ಕ.

"ಅವನು ಯಾವಾಗ್ಲೂ ಜಾಗ ಬಿಟ್ಟು ಎಲ್ಲೋ ಇರ್ತಾನೆ ಮಾರಾಯ. ಓಡಿ ಬಂದು ಜಾರಿ ಬಿದ್ದು ಚೆಂಡು ಕಿತ್ಕೋತಾನೆ. ಸರಿಯಾದ ಜಾಗದಲ್ಲಿ ನಿಂತಿದ್ರೆ ಆ ಟ್ಯಾಕಲ್ ಬೇಕಾಗ್ತಾನೇ ಇರ್ಲಿಲ್ಲ. ಎದುರು ಟೀಮಿನವರು ಎಲ್ಲಾ ಅವನ ಕಡೆಯಿಂದಲೇ ಬರ್ತಾರೆ, ಅದನ್ನ ಎಣಿಸಿದ್ಯಾ?"

ಎಣಿಸಿರಲಿಲ್ಲ.

ಶಾಲೆಯಲ್ಲಿ ಭಿನ್ನರಾಶಿ ಕಲಿಸುವಾಗ ಮೇಲಿನದು ಅಂಶ, ಕೆಳಗಿನದು ಛೇದ ಅಂತ ಹೇಳಿಕೊಟ್ಟಿದ್ದರಲ್ಲ, ನಾನು ಮೇಲಿನದನ್ನು ಮಾತ್ರ ಎಣಿಸಿ ಕೆಳಗಿನದನ್ನು ಖಾಲಿ ಬಿಟ್ಟಿದ್ದೆ. ಆಮೇಲೆ ಹೊಳೆಯಿತು, ನಮ್ಮ ಭಾಷೆಯ ಪದವೇ ಹಾಗಿದೆ. ಅಂಕಿಅಂಶ ಅನ್ನುತ್ತೇವೆ. ಅಂಶ ಇದೆ, ಛೇದ ಇಲ್ಲ. ಫುಟ್‌ಬಾಲ್‌ನ ಲೆಕ್ಕದಲ್ಲಿ ಆಗಿರುವ ದೊಡ್ಡ ಎಡವಟ್ಟುಗಳಲ್ಲಿ ಬಹಳಷ್ಟು ಈ ಛೇದವನ್ನು ಮರೆತಿದ್ದರಿಂದಲೇ ಆದವು ಅಂತ ನನಗೆ ಈಗ ಅನ್ನಿಸುತ್ತದೆ. ಸರಿಯಾಗಿ ಲೆಕ್ಕ ಹಾಕಿ ಗೆದ್ದವರು ಕೂಡ, ಗಮನಿಸಿ ನೋಡಿದರೆ, ಛೇದ ಹುಡುಕಿದವರೇ.

ಟ್ಯಾಕಲ್ ವಿಷಯಕ್ಕೆ ಬಂದರೆ ದೊಡ್ಡವರ ಹೆಸರೂ ತಳಕು ಹಾಕಿಕೊಂಡಿದೆ. 2001ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಅಲೆಕ್ಸ್ ಫರ್ಗ್ಯೂಸನ್ ತಮ್ಮ ಡಚ್ ಡಿಫೆಂಡರ್ ಯಾಪ್ ಸ್ಟಾಮ್‌ನನ್ನು ಇಟಲಿಯ ಲಾಜಿಯೊ ಕ್ಲಬ್‌ಗೆ ಮಾರಿಬಿಟ್ಟರು. ಅವನ ಟ್ಯಾಕಲ್‌ಗಳು ಕಡಿಮೆಯಾಗುತ್ತಿದ್ದವು, ಅದಕ್ಕೇ ಮಾರಿದರು ಅನ್ನುವ ಕಥೆ ಇವತ್ತಿಗೂ ಓಡಾಡುತ್ತದೆ. ಗಾಯದ ಚಿಂತೆ ಇತ್ತು, ಒಳ್ಳೆಯ ಬೆಲೆ ಬಂತು ಅಂತಲೂ ಹೇಳುತ್ತಾರೆ. ಏನೇ ಇರಲಿ, ಅದು ತಪ್ಪಾಯಿತು ಅಂತ ಫರ್ಗ್ಯೂಸನ್ ಆಮೇಲೆ ತಾವೇ ಒಪ್ಪಿಕೊಂಡರು. ಸ್ಪೇನ್‌ನ ಆಟಗಾರ ಶಾಬಿ ಅಲೊನ್ಸೊ ಕೂಡ ಒಂದು ಸಂದರ್ಶನದಲ್ಲಿ ಇದೇ ಧಾಟಿಯಲ್ಲಿ ಮಾತಾಡಿದ್ದ: ಇಂಗ್ಲೆಂಡ್‌ನಲ್ಲಿ ಹುಡುಗರು ಟ್ಯಾಕಲ್ ಮಾಡುವುದನ್ನು ಒಂದು ಗುಣ ಅಂತ ಹೇಳಿಕೊಳ್ಳುತ್ತಾರೆ, ನನಗದು ಬೇರೆ ದಾರಿ ಇಲ್ಲದಾಗ ಮಾಡುವ ಕೆಲಸ ಅಂತ. ನಮ್ಮ ಕ್ಯಾಪ್ಟನ್ ಹೇಳಿದ್ದೂ ಅದನ್ನೇ, ಅವನಿಗೆ ಸಂದರ್ಶನ ಮಾಡುವವರು ಸಿಕ್ಕಿಲ್ಲ ಅಷ್ಟೇ.

ಈ ಎಣಿಸುವ ಹುಚ್ಚಿಗೆ ಒಬ್ಬ ಹಿರಿಯಜ್ಜ ಇದ್ದಾರೆ. ಚಾರ್ಲ್ಸ್ ರೀಪ್ ಅಂತ. ಬ್ರಿಟಿಷ್ ವಾಯುಸೇನೆಯಲ್ಲಿ ಅಧಿಕಾರಿ, ಲೆಕ್ಕಪತ್ರದ ಕೆಲಸ. 1950ರ ಮಾರ್ಚ್ 18ರಂದು ಸ್ವಿಂಡನ್ ಟೌನ್ ತಂಡದ ಪಂದ್ಯ ನೋಡುತ್ತಿದ್ದರು. ಮೊದಲರ್ಧದಲ್ಲಿ ದಾಳಿಗಳೆಲ್ಲ ಹಾಳಾಗಿ ಹೋಗುವುದು ನೋಡಿ ತಲೆ ಕೆಟ್ಟು, ಎರಡನೇ ಅರ್ಧ ಶುರುವಾಗುವಾಗ ಜೇಬಿನಿಂದ ನೋಟ್‌ಬುಕ್ ತೆಗೆದರು. ಅಲ್ಲಿಂದ ದಶಕಗಳ ಕಾಲ ನಿಲ್ಲಿಸಲಿಲ್ಲ. ಪ್ರತಿ ಪಾಸಿಗೂ ತಮ್ಮದೇ ಒಂದು ಗುರುತು ಮಾಡಿಕೊಂಡಿದ್ದರು. ರಾತ್ರಿ ಪಂದ್ಯಗಳಲ್ಲಿ ನೋಟ್‌ಬುಕ್ ಕಾಣಲಿ ಅಂತ ಗಣಿ ಕೆಲಸದವರು ಹಾಕುವ ದೀಪದ ಟೋಪಿ ಹಾಕಿಕೊಂಡು ಕೂರುತ್ತಿದ್ದರಂತೆ. ಆ ಚಿತ್ರ ನೆನೆಸಿಕೊಂಡರೆ ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತದೆ. ಆದರೆ ಲೆಕ್ಕ ಮಾತ್ರ ತಪ್ಪಿತು.

1968ರಲ್ಲಿ ಬರ್ನಾರ್ಡ್ ಬೆಂಜಮಿನ್ ಅನ್ನುವ ಸಂಖ್ಯಾಶಾಸ್ತ್ರಜ್ಞರ ಜೊತೆ ಸೇರಿ ರೀಪ್ ಒಂದು ಪ್ರಬಂಧ ಪ್ರಕಟಿಸಿದರು. ಅವರ ಎಣಿಕೆ ಪ್ರಕಾರ ಗೋಲುಗಳಲ್ಲಿ ಸುಮಾರು ಶೇ 80ರಷ್ಟು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸ್‌ಗಳ ದಾಳಿಯಿಂದಲೇ ಬಂದಿದ್ದವು. ಹಾಗಾದರೆ ಏನು ಮಾಡಬೇಕು? ಸುತ್ತಿ ಬಳಸಿ ಪಾಸ್ ಕೊಡುವುದೆಲ್ಲ ದಂಡ, ಚೆಂಡನ್ನು ಬೇಗ ಮುಂದಕ್ಕೆ ಒದೆಯಿರಿ ಅಂದರು. ಇಂಗ್ಲೆಂಡ್‌ನಲ್ಲಿ ಒಂದಿಡೀ ತಲೆಮಾರು ಚೆಂಡನ್ನು ಆಕಾಶಕ್ಕೆ ಹಾರಿಸಿಕೊಂಡು ಓಡಿದ್ದರಲ್ಲಿ ಈ ವಿಚಾರಕ್ಕೂ ಒಂದು ಪಾಲಿದೆ.

ಎಡವಟ್ಟು ಎಲ್ಲಿ ಅಂದರೆ, ಅವರದೇ ಲೆಕ್ಕದಲ್ಲಿ ಒಟ್ಟು ದಾಳಿಗಳಲ್ಲಿ ಶೇ 90ಕ್ಕೂ ಹೆಚ್ಚು ಮೂರು ಪಾಸ್ ಒಳಗೇ ಮುಗಿದು ಹೋಗುತ್ತಿದ್ದವು. ಫುಟ್‌ಬಾಲ್‌ನಲ್ಲಿ ಚೆಂಡು ಕಳೆದುಕೊಳ್ಳುವುದೇ ಹೆಚ್ಚು, ಅಲ್ವಾ? ಸುಮ್ನೆ ಒಂದು ಲೆಕ್ಕ ಹಾಕೋಣ. ಸಾವಿರ ದಾಳಿ ಇವೆ, ಹತ್ತು ಗೋಲು ಬಂದಿವೆ ಅಂತ ಇಟ್ಟುಕೊಳ್ಳಿ. ಅದರಲ್ಲಿ 915 ಚಿಕ್ಕ ದಾಳಿ, ಎಂಟು ಗೋಲು. ಉಳಿದ 85 ಉದ್ದದ ದಾಳಿ, ಎರಡು ಗೋಲು. ಎಂಟು ಗೋಲು ಎರಡಕ್ಕಿಂತ ಎಷ್ಟೋ ಜಾಸ್ತಿ. ಈಗ ಭಾಗಿಸಿ. ಚಿಕ್ಕದರಲ್ಲಿ 114 ದಾಳಿಗೆ ಒಂದು ಗೋಲು, ಉದ್ದದ್ದರಲ್ಲಿ 42ಕ್ಕೇ ಒಂದು. ತೀರ್ಮಾನವೇ ಉಲ್ಟಾ. ಅಷ್ಟು ವರ್ಷ, ಅಷ್ಟು ಪಂದ್ಯ, ತಲೆ ಮೇಲೆ ದೀಪ ಇಟ್ಟುಕೊಂಡು ಎಣಿಸಿದ ಮನುಷ್ಯ ಕೊನೆಯಲ್ಲಿ ಒಂದು ಭಾಗಾಕಾರ ಬಿಟ್ಟುಬಿಟ್ಟರು.

ಇದನ್ನು ಕೇಳಿ ಕೂಡಲೇ ಪಾಸ್ ಪಕ್ಷ ಸೇರಬೇಡಿ. ಅದೂ ಅಷ್ಟು ಸುಲಭ ಇಲ್ಲ. ಉದ್ದದ ದಾಳಿ ಮಾಡುವ ಟೀಮ್‌ಗಳು ಮೊದಲೇ ಚೆನ್ನಾಗಿ ಆಡುವವರಾಗಿರುತ್ತಾರೆ, ಅದಕ್ಕೇ ಗೋಲೂ ಹೊಡೆಯುತ್ತಾರೆ. ಪಾಸ್ ಎಣಿಕೆಯೊಂದರಿಂದಲೇ ಕೆಲಸ ಆಗುವುದಾದರೆ ಸ್ಪೇನ್ ಎರಡು ವಿಶ್ವಕಪ್‌ನಿಂದ ಹಾಗೆ ಮನೆಗೆ ಹೋಗುತ್ತಿರಲಿಲ್ಲ. 2018ರಲ್ಲಿ ರಷ್ಯಾ ಎದುರು, 2022ರಲ್ಲಿ ಮೊರಾಕ್ಕೊ ಎದುರು, ಎರಡೂ ಸಲ ಸಾವಿರಕ್ಕೂ ಹೆಚ್ಚು ಪಾಸ್, ಎರಡೂ ಸಲ ಪೆನಾಲ್ಟಿಯಲ್ಲಿ ಸೋಲು. ಮೊರಾಕ್ಕೊ ವಿರುದ್ಧವಂತೂ ಪೆನಾಲ್ಟಿಯಲ್ಲಿ ಒಂದು ಗೋಲೂ ಬರಲಿಲ್ಲ.

ಹೊಡೆತಗಳ ಎಣಿಕೆಯೂ ಹಾಗೇ. 2014ರ ವಿಶ್ವಕಪ್ ಸೆಮಿಫೈನಲ್ ಯಾರಿಗೆ ನೆನಪಿಲ್ಲ ಹೇಳಿ. ಬ್ರೆಜಿಲ್ 1, ಜರ್ಮನಿ 7. ಆ ಪಂದ್ಯದ ಅಂಕಿಅಂಶದ ಹಾಳೆ ಕೈಗೆ ಕೊಟ್ಟು, ಸ್ಕೋರ್ ಮುಚ್ಚಿಟ್ಟು, ಯಾರು ಗೆದ್ದರು ಅಂತ ಕೇಳಿ ನೋಡಿ. ಹೊಡೆತಗಳು ಬ್ರೆಜಿಲ್ 18, ಜರ್ಮನಿ 14. ಚೆಂಡು ಜಾಸ್ತಿ ಹೊತ್ತು ಇದ್ದದ್ದು ಬ್ರೆಜಿಲ್ ಹತ್ತಿರ. ಕಾರ್ನರ್ ಕೂಡ ಅವರಿಗೇ ಜಾಸ್ತಿ. ನಾನು ಇದನ್ನು ಎಷ್ಟೋ ಜನರಿಗೆ ಕೇಳಿದ್ದೇನೆ, ಎಲ್ಲರೂ ಬ್ರೆಜಿಲ್ ಅಂದರು. ಅಂಕಿಅಂಶ ಸುಳ್ಳು ಅಂತ ತೋರಿಸಲು ಇದನ್ನು ಉದಾಹರಣೆ ಕೊಡುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. 29 ನಿಮಿಷಕ್ಕೇ ಸ್ಕೋರ್ 5-0 ಆಗಿತ್ತು. ಆಮೇಲೆ ಜರ್ಮನಿಗೆ ಓಡುವ ಅವಸರ ಏನಿದೆ? ಬ್ರೆಜಿಲ್‌ಗೆ ಮಾನ ಉಳಿಸಿಕೊಳ್ಳುವ ಅವಸರ. ಹಿಂದೆ ಬಿದ್ದ ಟೀಮ್ ಜಾಸ್ತಿ ಹೊಡೆಯುತ್ತದೆ, ಮುಂದಿರುವ ಟೀಮ್ ಹಿಂದೆ ಸರಿದು ನಿಲ್ಲುತ್ತದೆ. ಅಂದರೆ ಯಾವ ಹೊತ್ತಿನಲ್ಲಿ, ಯಾವ ಸ್ಕೋರ್ ಇದ್ದಾಗ ಹೊಡೆದದ್ದು ಅಂತ ಬೇರೆ ಮಾಡದೆ ಹದಿನೆಂಟನ್ನೂ ಒಂದೇ ಚೀಲಕ್ಕೆ ಹಾಕಿದರೆ ಆ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ.

ಈಗಿನವರು ಇದಕ್ಕೆ ಒಂದು ಮದ್ದು ಹುಡುಕಿದ್ದಾರೆ. ಎಕ್ಸ್‌ಪೆಕ್ಟೆಡ್ ಗೋಲ್ಸ್, ಚಿಕ್ಕದಾಗಿ ಎಕ್ಸ್‌ಜಿ. ಟಿವಿಯಲ್ಲಿ ಪಂದ್ಯದ ನಡುವೆ 1.43, 0.67 ಅಂತೆಲ್ಲ ತೋರಿಸುತ್ತಾರಲ್ಲ, ಅದು. 2012ರ ಹೊತ್ತಿಗೆ ಆಟದ ಅಂಕಿಅಂಶ ಕಲೆಹಾಕುವ ಒಪ್ಟಾ ಕಂಪನಿಯ ಸ್ಯಾಮ್ ಗ್ರೀನ್ ಬರೆದ ಮೇಲೆ ಈ ಹೆಸರು ಜನರ ಬಾಯಿಗೆ ಬಂತು. ವಿಷಯ ತುಂಬಾ ಸರಳ. ಇದೇ ಜಾಗದಿಂದ, ಇದೇ ಕೋನದಿಂದ, ಕಾಲಿನಿಂದಲೋ ತಲೆಯಿಂದಲೋ, ಈ ಥರದ ಪಾಸ್ ಬಂದ ಮೇಲೆ ಹಿಂದೆ ಹೊಡೆದ ಸಾವಿರಾರು ಹೊಡೆತಗಳಲ್ಲಿ ಎಷ್ಟು ಗೋಲಾದವು? ನೂರಕ್ಕೆ ಹತ್ತು ಆಗಿದ್ದರೆ ಈ ಹೊಡೆತದ ಬೆಲೆ 0.1. ಪೆನಾಲ್ಟಿಗೆ 0.76ರಿಂದ 0.79ರ ಆಸುಪಾಸು. ದೂರದಿಂದ ಬೀಸಿ ಹೊಡೆದದ್ದಕ್ಕೆ 0.03, ಇನ್ನೂ ಕಡಿಮೆ. ಎಲ್ಲಾ ಹೊಡೆತಗಳನ್ನೂ ಒಟ್ಟಿಗೆ ತೆಗೆದುಕೊಂಡರೆ ಹೆಚ್ಚುಕಮ್ಮಿ ಹತ್ತಕ್ಕೊಂದು ಗೋಲು. ರೀಪ್ ಅಜ್ಜನ ಕಾಲದಲ್ಲೂ ಸುಮಾರು ಅಷ್ಟೇ ಇತ್ತು. ಒಟ್ಟಿನಲ್ಲಿ ಪ್ರತಿ ಹೊಡೆತಕ್ಕೂ ಅದರದೇ ಛೇದ ಅಂಟಿಸಿಕೊಟ್ಟ ಹಾಗೆ.

ನನಗೆ ಇದರಲ್ಲಿ ಇಷ್ಟವಾದ ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಬೇಸರ ಅನ್ನಿಸಿದರೆ ಮುಂದಿನ ಪ್ಯಾರಾಗೆ ಹೋಗಿ. ಒಂದು ಟೀಮ್ 0.1 ಬೆಲೆಯ ಹತ್ತು ಹೊಡೆತ ಹೊಡೆಯಿತು. ಇನ್ನೊಂದು 0.5 ಬೆಲೆಯ ಎರಡೇ ಎರಡು. ಇಬ್ಬರದೂ ಎಕ್ಸ್‌ಜಿ 1.0, ಸಮ ಸಮ. ಗೆಲ್ಲುವವರು ಯಾರು? ಹತ್ತು ಹೊಡೆದವರು ಒಂದೂ ಗೋಲಿಲ್ಲದೆ ಉಳಿಯುವ ಸಾಧ್ಯತೆ ಶೇ 35. ಎರಡು ಹೊಡೆದವರಿಗೆ ಅದು ಶೇ 25 ಮಾತ್ರ. ಪೂರ್ತಿ ಲೆಕ್ಕ ಹಾಕಿದರೆ ಎರಡೇ ಹೊಡೆದ ಟೀಮ್ ಗೆಲ್ಲುವುದು ಶೇ 36, ಹತ್ತು ಹೊಡೆದದ್ದು ಗೆಲ್ಲುವುದು ಶೇ 31, ಉಳಿದದ್ದು ಡ್ರಾ. ಟಿವಿ ನೋಡುವವರು ಮಾತ್ರ ಹತ್ತು ಹೊಡೆದವರೇ ಪಾಪ, ಅದೃಷ್ಟ ಇಲ್ಲ ಅನ್ನುತ್ತಾರೆ.

ಆದರೆ ಒಂದೇ ಪಂದ್ಯಕ್ಕೆ ಎಕ್ಸ್‌ಜಿ ಹಿಡಿದುಕೊಂಡು ಜಗಳಕ್ಕೆ ಬರುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸೋತ ಟೀಮಿನ ಅಭಿಮಾನಿ, ಎಕ್ಸ್‌ಜಿಯಲ್ಲಿ ನಾವೇ ಗೆದ್ದೆವು ಅನ್ನುವುದು, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. 2022ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ಪಂದ್ಯವಿಡೀ ಮೂರು ಸಲ ಹೊಡೆದು ಎರಡು ಗೋಲು ಮಾಡಿ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿತು. ಅದು ಆದದ್ದು ಆಯಿತು, ಸೌದಿಯ ಮೂರು ಅಂಕ ಯಾರೂ ಕಿತ್ತುಕೊಳ್ಳಲಿಲ್ಲ. ಆದರೆ ಆ ರಾತ್ರಿ ಮುಂದಿನ ಪಂದ್ಯಗಳ ಬಗ್ಗೆ ಯೋಚಿಸುತ್ತಿದ್ದ ಕೋಚ್‌ಗೆ 2-1ಕ್ಕಿಂತ ಆ ಮೂರು ಹೊಡೆತದ ವಿಷಯವೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಅರ್ಜೆಂಟೀನಾ ಆ ಸಲ ಕಪ್ ಎತ್ತಿತು ಅಂತ ನಿಮಗೆ ಗೊತ್ತೇ ಇದೆ.

ಮ್ಯಾನೇಜರ್‌ಗಳ, ಅಂದರೆ ಮುಖ್ಯ ಕೋಚ್‌ಗಳ ವಿಷಯದಲ್ಲಿ ಈ ಲೆಕ್ಕ ನಿಜಕ್ಕೂ ಜನರ ಅನ್ನದ ಪ್ರಶ್ನೆ ಆಗುತ್ತದೆ. ನಾಲ್ಕು ಪಂದ್ಯ ಸೋತರೆ ಸಾಕು, ಕೋಚ್ ತೆಗೆಯಿರಿ ಅಂತ ಕೂಗು ಶುರು. ತೆಗೆಯುತ್ತಾರೆ. ಹೊಸಬ ಬರುತ್ತಾನೆ, ಗೆಲುವು ಬರುತ್ತದೆ. ನೋಡಿ, ನಾವು ಹೇಳಿದ್ದೆವು!

ಒಂದು ದಾಳ ಉರುಳಿಸಿ. ಒಂದು ಬಿತ್ತು ಅಂದುಕೊಳ್ಳಿ. ದಾಳಕ್ಕೆ ಚೆನ್ನಾಗಿ ಬೈಯಿರಿ. ಮತ್ತೆ ಉರುಳಿಸಿ. ಆರರಲ್ಲಿ ಐದು ಸಲ ಮೊದಲಿಗಿಂತ ದೊಡ್ಡದೇ ಬೀಳುತ್ತದೆ. ಬೈದದ್ದು ಫಲ ಕೊಟ್ಟಿತು ಅನ್ನಿಸದೇ ಇರುತ್ತದಾ? ಕೋಚ್‌ಗಳನ್ನು ತೆಗೆಯುವುದು ತೀರಾ ಕೆಟ್ಟ ಹೊತ್ತಿನಲ್ಲಿ. ತೀರಾ ಕೆಟ್ಟದ್ದರ ನಂತರ ಬರುವುದು ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಕೆಟ್ಟದ್ದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಇಲ್ಲಿ ಛೇದ ಯಾವುದು ಅಂದರೆ, ಅಷ್ಟೇ ಕೆಟ್ಟದಾಗಿ ಆಡಿಯೂ ಕೋಚ್‌ನನ್ನು ಉಳಿಸಿಕೊಂಡ ಟೀಮ್‌ಗಳು. ಅವುಗಳ ಕಡೆ ಯಾರೂ ನೋಡುವುದಿಲ್ಲ, ಯಾಕೆಂದರೆ ಅಲ್ಲಿ ಸುದ್ದಿ ಇಲ್ಲ. ಬಾಸ್ ಟರ್ ವೇಲ್ ಅನ್ನುವ ಡಚ್ ಅರ್ಥಶಾಸ್ತ್ರಜ್ಞರು ನೋಡಿದರು. 1986ರಿಂದ 2004ರವರೆಗಿನ ಡಚ್ ಲೀಗ್ ತೆಗೆದುಕೊಂಡು, ಕೋಚ್ ಬದಲಿಸಿದವರನ್ನೂ, ಅದೇ ಸ್ಥಿತಿಯಲ್ಲಿದ್ದು ಬದಲಿಸದವರನ್ನೂ ಅಕ್ಕಪಕ್ಕ ಇಟ್ಟರು. ಬದಲಿಸಿದ್ದರಿಂದ ಲಾಭ ಆಯಿತು ಅಂತ ಹೇಳುವ ಹಾಗೆ ಏನೂ ಸಿಗಲಿಲ್ಲ.

ಉಳಿಸಿಕೊಂಡವರ ಕಥೆಗಳು ನನಗೆ ತುಂಬಾ ಇಷ್ಟ. 2015-16ರಲ್ಲಿ ಇಟಲಿಯ ಯುವೆಂಟಸ್ ಕ್ಲಬ್ ಮೊದಲ ಹತ್ತು ಪಂದ್ಯದಲ್ಲಿ ಗಳಿಸಿದ್ದು ಬರೀ 12 ಅಂಕ. ಕೋಚ್ ಅಲೆಗ್ರಿ ಕಥೆ ಮುಗಿಯಿತು ಅಂದರು. ತೆಗೆಯಲಿಲ್ಲ. ಉಳಿದ 28 ಪಂದ್ಯಗಳಲ್ಲಿ 26 ಗೆಲುವು, ಒಂದು ಡ್ರಾ, ಒಂದು ಸೋಲು. 91 ಅಂಕ, ಲೀಗ್ ಅವರದೇ. ಇನ್ನೊಂದು ಇಂಗ್ಲೆಂಡ್‌ನ ಬ್ರೆಂಟ್‌ಫರ್ಡ್ ಕ್ಲಬ್. 2018ರ ಅಕ್ಟೋಬರ್‌ನಲ್ಲಿ ಥಾಮಸ್ ಫ್ರಾಂಕ್ ಅಲ್ಲಿ ಮುಖ್ಯ ಕೋಚ್ ಆದರು. ಮೊದಲ ಹತ್ತು ಪಂದ್ಯದಲ್ಲಿ ಎಂಟು ಸೋಲು. ಬೇರೆ ಕಡೆ ಆಗಿದ್ದರೆ ಹತ್ತನೆಯದಕ್ಕೆ ಅವರು ಇರುತ್ತಿರಲಿಲ್ಲ. ಆ ಕ್ಲಬ್‌ನವರು ಅಂಕಪಟ್ಟಿಯನ್ನು ಹೆಚ್ಚು ನಂಬುವವರಲ್ಲ, ಟೀಮ್ ಎಂಥ ಅವಕಾಶ ಹುಟ್ಟಿಸುತ್ತಿದೆ, ಎಂಥದ್ದನ್ನು ಬಿಟ್ಟುಕೊಡುತ್ತಿದೆ ಅಂತ ನೋಡುವವರು. ಆ ಲೆಕ್ಕದಲ್ಲಿ ಟೀಮ್ ಅಷ್ಟೇನೂ ಕೆಟ್ಟದಾಗಿ ಆಡುತ್ತಿರಲಿಲ್ಲ. ಸುಮ್ಮನಿದ್ದರು. 2021ರಲ್ಲಿ ಅದೇ ಫ್ರಾಂಕ್ ಬ್ರೆಂಟ್‌ಫರ್ಡನ್ನು ಪ್ರೀಮಿಯರ್ ಲೀಗ್‌ಗೆ ತಂದರು. 74 ವರ್ಷದ ನಂತರ ಆ ಕ್ಲಬ್ ಮೇಲಿನ ದರ್ಜೆ ಕಂಡಿತು.

ಕೋಚ್ ಯೂರ್ಗನ್ ಕ್ಲಾಪ್ ಕಥೆ ಇನ್ನೂ ಸ್ವಾರಸ್ಯ. ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್‌ನಲ್ಲಿ ಅವರ ಕೊನೆಯ ಸೀಸನ್, 2014-15. ಚಳಿಗಾಲದ ಬಿಡುವಿನ ಹೊತ್ತಿಗೆ 18 ಟೀಮ್‌ಗಳಲ್ಲಿ 17ನೆಯ ಸ್ಥಾನ. ಕೊನೆಗೆ ಹೇಗೋ ಏಳನೆಯದಾಗಿ ಮುಗಿಸಿದರು. ಹೊರಗಿನಿಂದ ನೋಡಿದವರಿಗೆ ಕ್ಲಾಪ್‌ನ ಕಾಲ ಆಗಿಹೋಯಿತು. ಲಿವರ್‌ಪೂಲ್‌ನಲ್ಲಿ ಇಯಾನ್ ಗ್ರಹಾಂ ಅಂತ ಒಬ್ಬರು ಲೆಕ್ಕದ ಕೆಲಸ ಮಾಡುತ್ತಿದ್ದರು. ಓದಿದ್ದು ಭೌತಶಾಸ್ತ್ರ, ಅದರಲ್ಲೇ ಡಾಕ್ಟರೇಟ್. ಅವರು ಆ ಸೀಸನ್‌ನ ಒಂದೊಂದು ಪಂದ್ಯವನ್ನೂ ಲೆಕ್ಕಕ್ಕೆ ಹಾಕಿ, ಈ ಟೀಮ್ ಆಡಿದ ಆಟಕ್ಕೂ ಸಿಕ್ಕಿದ ಅಂಕಕ್ಕೂ ತಾಳೆಯೇ ಇಲ್ಲ, ಅದೃಷ್ಟ ಭಯಂಕರ ಕೆಟ್ಟಿತ್ತು ಅಂತ ತೋರಿಸಿದರು. 2015ರ ಅಕ್ಟೋಬರ್‌ನಲ್ಲಿ ಕ್ಲಾಪ್ ಲಿವರ್‌ಪೂಲ್‌ಗೆ ಬಂದರು. 2019ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್, 2020ರಲ್ಲಿ ಇಂಗ್ಲೆಂಡ್‌ನ ಲೀಗ್ ಗೆದ್ದರು. ಗ್ರಹಾಂ ಡಾರ್ಟ್‌ಮಂಡ್‌ನ ಆ ಪಂದ್ಯಗಳನ್ನು ಕೂತು ನೋಡಿಯೇ ಇರಲಿಲ್ಲವಂತೆ, ಬರೀ ಲೆಕ್ಕ. ಇದನ್ನು ಕೇಳಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚು, ಸ್ವಲ್ಪ ಬೇಜಾರು ಎರಡೂ ಆಯಿತು. ಆಟ ನೋಡದೆ ಆಟ ಗೊತ್ತಾಗುತ್ತದೆ ಅನ್ನುವುದನ್ನು ಒಪ್ಪಿಕೊಳ್ಳಲು ನನ್ನ ಮನಸ್ಸು ಇನ್ನೂ ತಯಾರಿಲ್ಲ.

ಬರೀ ಉಳಿಸಿಕೊಂಡವರ ಕಥೆ ಹೇಳಿದರೆ ನಾನೂ ರೀಪ್ ಮಾಡಿದ್ದನ್ನೇ ಮಾಡಿದಂತೆ, ಅಲ್ವಾ? ಹಾಗಾಗಿ ಇದನ್ನೂ ಹೇಳಬೇಕು. ಲೆಸ್ಟರ್ ಸಿಟಿ 2016ರಲ್ಲಿ ಪವಾಡದ ಹಾಗೆ ಇಂಗ್ಲೆಂಡ್‌ನ ಲೀಗ್ ಗೆದ್ದಿತು, ಶುರುವಿನಲ್ಲಿ ಜೂಜು ಕಟ್ಟುವವರು ಅವರಿಗೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಅಂದಿದ್ದರು. ಒಂಬತ್ತು ತಿಂಗಳ ನಂತರ, 2017ರ ಫೆಬ್ರವರಿಯಲ್ಲಿ, ಅದೇ ಕೋಚ್ ಕ್ಲಾಡಿಯೊ ರನಿಯೇರಿಯನ್ನು ಮನೆಗೆ ಕಳಿಸಿದರು. ಜನ ಎಷ್ಟು ಬೈದರು! ಆದರೆ ಟೀಮ್ ಆಮೇಲಿನ ಐದು ಲೀಗ್ ಪಂದ್ಯ ಸಾಲಾಗಿ ಗೆದ್ದಿತು. ಕಾಗೆಯೋ ಕೊಂಬೆಯೋ ನೀವೇ ಹೇಳಿ. ನನಗೆ ಅನ್ನಿಸುವುದು, ಮ್ಯಾನೇಜರ್‌ಗಳ ನಡುವೆ ವ್ಯತ್ಯಾಸ ಖಂಡಿತ ಇದೆ, ಆದರೆ ಹತ್ತು ಪಂದ್ಯದಲ್ಲಿ ಅದನ್ನು ಅಳೆಯುವಷ್ಟು ಗೋಲುಗಳೇ ಈ ಆಟದಲ್ಲಿ ಬೀಳುವುದಿಲ್ಲ. ಒಂದು ಪಂದ್ಯಕ್ಕೆ ಎರಡೂವರೆ, ಮೂರು ಗೋಲು. ಅದರಲ್ಲಿ ಒಂದು ಯಾರದೋ ಬೆನ್ನಿಗೆ ತಾಗಿ ಒಳಗೆ ಹೋಗಿರುತ್ತದೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಅಂಕಪಟ್ಟಿಗೆ ನಿಜವಾದ ಛೇದ ಸಂಬಳದ ಪಟ್ಟಿ. ಸ್ಟೆಫಾನ್ ಶಿಮಾನ್ಸ್ಕಿ ಅನ್ನುವ ಅರ್ಥಶಾಸ್ತ್ರಜ್ಞರು ಇಂಗ್ಲೆಂಡ್‌ನ ಕ್ಲಬ್‌ಗಳ ಲೆಕ್ಕಪತ್ರ ತೆಗೆದು, ಹತ್ತು ವರ್ಷದ ಸರಾಸರಿ ನೋಡಿದರೆ ಯಾವ ಕ್ಲಬ್ ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲಿ ಸುಮಾರು ಶೇ 90ರಷ್ಟನ್ನು ಅವರು ಆಟಗಾರರಿಗೆ ಕೊಡುವ ಸಂಬಳವೇ ಹೇಳಿಬಿಡುತ್ತದೆ ಅಂತ ತೋರಿಸಿದ್ದಾರೆ. ಅಂದರೆ ಅತಿ ಹೆಚ್ಚು ಸಂಬಳ ಕೊಡುವ ಕ್ಲಬ್‌ನ ಕೋಚ್ ಎರಡನೆಯ ಸ್ಥಾನ ತಂದರೆ ಅವನು ಸ್ವಲ್ಪ ಸೋತ ಹಾಗೆ, ಹದಿನೇಳನೆಯ ಸಂಬಳದ ಕ್ಲಬ್ ಹತ್ತನೆಯದಾದರೆ ಆ ಕೋಚ್‌ಗೆ ಹಾರ ಹಾಕಬೇಕು. ಹಾರ ಹಾಕುವವರು ಕಡಿಮೆ. ಬ್ರೆಂಟ್‌ಫರ್ಡ್ ಮಾಲೀಕ ಮ್ಯಾಥ್ಯೂ ಬೆನ್‌ಹ್ಯಾಮ್, ಬ್ರೈಟನ್ ಮಾಲೀಕ ಟೋನಿ ಬ್ಲೂಮ್, ಇಬ್ಬರೂ ಜೂಜಿನ ಲೆಕ್ಕದಿಂದ ದುಡ್ಡು ಮಾಡಿದವರು. ಬೇರೆಯವರು ತಪ್ಪು ಬೆಲೆ ಕಟ್ಟಿದ್ದನ್ನು ಹುಡುಕುವುದೇ ಅವರ ಕಸುಬು. 2017ರಲ್ಲಿ ಬ್ರೆಂಟ್‌ಫರ್ಡ್ ಕೆಳದರ್ಜೆಯ ಎಕ್ಸೆಟರ್‌ನಿಂದ ಒಲ್ಲಿ ವಾಟ್ಕಿನ್ಸ್‌ನನ್ನು ಸುಮಾರು 18 ಲಕ್ಷ ಪೌಂಡ್‌ಗೆ ತಂದು 2020ರಲ್ಲಿ 2.8 ಕೋಟಿ ಪೌಂಡ್‌ಗೆ ಮಾರಿತು. ಗೋಲು ಹೊಡೆಯುವವನನ್ನೇ ಮಾರಿಬಿಟ್ಟರಲ್ಲ ಅಂತ ಎಲ್ಲರೂ ಅನ್ನುವಾಗ ಐವನ್ ಟೋನಿಯನ್ನು ತಂದರು. ಅವನು ಆ ಸೀಸನ್ 31 ಲೀಗ್ ಗೋಲು ಹೊಡೆದ.

ಓಟದ ದೂರ ಅಳೆಯುವುದೂ ಇದೇ ಜಾತಿಯ ಗಲಾಟೆ. ಯಾರು ಎಷ್ಟು ಕಿಲೋಮೀಟರ್ ಓಡಿದರು ಅಂತ ಈಗ ಪ್ರತಿ ಪಂದ್ಯದಲ್ಲೂ ಲೆಕ್ಕ ಇದೆ. ಕ್ಯಾಮೆರಾಗಳು ಸೆಕೆಂಡಿಗೆ 25 ಸಲ ಎಲ್ಲಾ 22 ಜನರ ಜಾಗ ಗುರುತು ಮಾಡುತ್ತವೆ. ಆ ಪಟ್ಟಿಯಲ್ಲಿ ಮೆಸ್ಸಿ ಯಾವಾಗಲೂ ಕೆಳಗೆ. ಮನುಷ್ಯ ನಡೆಯುತ್ತಿರುತ್ತಾನೆ! ಆದರೆ 2018ರಲ್ಲಿ ಹಾವಿಯರ್ ಫರ್ನಾಂಡಿಸ್ ಮತ್ತು ಲ್ಯೂಕ್ ಬಾರ್ನ್ ಅನ್ನುವ ಇಬ್ಬರು ಮೈದಾನದ ಖಾಲಿ ಜಾಗವನ್ನೇ ಅಳೆಯುವ ದಾರಿ ಮಾಡಿದಾಗ, ಮೆಸ್ಸಿ ಬೆಲೆಬಾಳುವ ಜಾಗ ಗಳಿಸುವುದು ಬಹಳ ಸಲ ಹಾಗೆ ನಡೆಯುತ್ತಲೇ ಅಂತ ಗೊತ್ತಾಯಿತು. ಉಳಿದವರು ಚೆಂಡಿನ ಹಿಂದೆ ಓಡಿದಾಗ ಅವನು ಓಡದೆ ಉಳಿದುಬಿಡುತ್ತಾನೆ. ಇದನ್ನು ನಮ್ಮ ಲೆಫ್ಟ್ ಬ್ಯಾಕ್‌ಗೆ ಹೇಳಬಾರದಿತ್ತು. ಈಗ ಅವನೂ ನಡೆಯುತ್ತಾನೆ.

ಇನ್ನು ನನ್ನ ಸ್ವಂತ ಅವಮಾನದ ಕಥೆ.

ಪೆನಾಲ್ಟಿ ಅಂದರೆ ಲೆಕ್ಕದವರಿಗೆ ಹಬ್ಬ. ಒಬ್ಬ ಹೊಡೆಯುತ್ತಾನೆ, ಒಬ್ಬ ತಡೆಯುತ್ತಾನೆ, ಬೇರೆ ಯಾರ ಗೊಡವೆ ಇಲ್ಲ. 2006ರ ವಿಶ್ವಕಪ್‌ನಲ್ಲಿ ಜರ್ಮನಿಯ ಕೀಪರ್ ಯೆನ್ಸ್ ಲೆಮನ್ ಕಾಲುಚೀಲದಲ್ಲಿ ಚೀಟಿ ಇಟ್ಟುಕೊಂಡು, ಅರ್ಜೆಂಟೀನಾದವರು ಯಾರು ಯಾವ ಕಡೆ ಹೊಡೆಯುತ್ತಾರೆ ಅಂತ ನೋಡಿ ನೋಡಿ ನಿಂತಿದ್ದ. ಎರಡು ತಡೆದ. ತಮಾಷೆ ಅಂದರೆ ಕೊನೆಯದನ್ನು ಹೊಡೆದ ಕಾಂಬಿಯಾಸೊ ಹೆಸರು ಆ ಚೀಟಿಯಲ್ಲೇ ಇರಲಿಲ್ಲ. ಆದರೂ ಲೆಮನ್ ಗಂಭೀರವಾಗಿ ಚೀಟಿ ಓದಿದ. ಹೊಡೆಯುವವನಿಗೆ ನಡುಕ ಹುಟ್ಟಿಸಲು ಅಷ್ಟು ಸಾಕಾಯಿತೇನೋ.

ನಾನು ಓದಿದ್ದು ಇನ್ನೊಂದು. 2007ರಲ್ಲಿ ಮೈಕೆಲ್ ಬಾರ್-ಎಲಿ ಮತ್ತು ಜೊತೆಯವರು 286 ಪೆನಾಲ್ಟಿಗಳನ್ನು ನೋಡಿದರು. ಶೇ 93.7ರಷ್ಟು ಸಲ ಕೀಪರ್ ಎಡಕ್ಕೋ ಬಲಕ್ಕೋ ಹಾರಿದ್ದ. ಎಡಕ್ಕೆ ಹಾರಿದಾಗ ತಡೆದದ್ದು ಶೇ 14.2, ಬಲಕ್ಕೆ ಶೇ 12.6. ನಡುವೆ ಸುಮ್ನೆ ನಿಂತಾಗ? ಶೇ 33.3! ಹಾಗಾದರೆ ಯಾಕೆ ಹಾರುತ್ತಾರೆ ಅಂದರೆ, ನಿಂತಲ್ಲೇ ನಿಂತು ಗೋಲು ಬಿಟ್ಟರೆ ಜನ ಬೈಯುತ್ತಾರೆ, ಹಾರಿ ಬಿಟ್ಟರೆ ಪಾಪ ಪ್ರಯತ್ನಪಟ್ಟ ಅನ್ನುತ್ತಾರೆ. ಕೋಚ್ ತೆಗೆಯುವ ಮಾಲೀಕರೂ ಹಾಗೇ, ಏನೋ ಒಂದು ಮಾಡಿದೆ ಅಂತ ಕಾಣಬೇಕಲ್ಲ.

ನನಗೆ ತಡೆಯಲಾಗಲಿಲ್ಲ. ಮುಂದಿನ ಪಂದ್ಯ ಪೆನಾಲ್ಟಿಗೆ ಹೋದಾಗ ನಮ್ಮ ಕೀಪರ್ ಹತ್ತಿರ ಓಡಿ ಹೋಗಿ ಕಿವಿಯಲ್ಲಿ ಹೇಳಿದೆ, "ಹಾರಬೇಡ. ನಡುವೆ ನಿಂತ್ಕೋ. ಲೆಕ್ಕ ಇದೆ." ಒಳ್ಳೆಯ ಹುಡುಗ, ನಂಬಿದ. ಮೊದಲನೆಯದು ಎಡ ಮೂಲೆಗೆ ಹೋಯಿತು. ಎರಡನೆಯದು ಬಲಕ್ಕೆ. ಅವನು ಕಂಬದ ಹಾಗೆ ನಿಂತಿದ್ದ. ಮೂರನೆಯದೂ ಮೂಲೆಗೆ, ಈ ಸಲ ಅವನು ಚೆಂಡನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ. ನಾಲ್ಕನೆಯದಕ್ಕೆ ಸಿಟ್ಟು ಬಂದು ಬಲಕ್ಕೆ ಹಾರಿದ. ಚೆಂಡು ಸೀದಾ ನಡುವೆ, ಅವನು ನಿಂತಿದ್ದ ಜಾಗದಲ್ಲೇ ಒಳಗೆ ಹೋಯಿತು.

ಆ ರಾತ್ರಿ ಮನೆಗೆ ಬಂದು ಆ ಪ್ರಬಂಧದ ಕೋಷ್ಟಕವನ್ನು ಮತ್ತೆ ತೆಗೆದೆ. ಶೇಕಡಾವಾರು ಬಿಟ್ಟು ಈ ಸಲ ಸಂಖ್ಯೆ ನೋಡಿದೆ. 286ರಲ್ಲಿ ಕೀಪರ್ ನಡುವೆ ನಿಂತದ್ದು 18 ಸಲ. ಬರೀ ಹದಿನೆಂಟು. ತಡೆದದ್ದು ಆರು. ಇಷ್ಟು ದಿನ ಎಲ್ಲರಿಗೂ ಛೇದ, ಛೇದ ಅಂತ ಪಾಠ ಹೇಳಿಕೊಂಡು ತಿರುಗಿದವನು ಕಣ್ಣ ಮುಂದಿದ್ದ ಹದಿನೆಂಟನ್ನು ಓದಿರಲಿಲ್ಲ. ಅಷ್ಟೇ ಅಲ್ಲ, ಎಲ್ಲಾ ಕೀಪರ್‌ಗಳೂ ನಿಲ್ಲಲು ಶುರು ಮಾಡಿದರೆ ನಡುವೆ ಹೊಡೆಯುವ ಹುಚ್ಚ ಯಾರು? ಅವರು ಅಪರೂಪಕ್ಕೆ ನಿಂತದ್ದರಿಂದಲೇ ಆ ಆರು ಸಿಕ್ಕಿತ್ತು.

ಮುಂದಿನ ವಾರ ಮೈದಾನದಲ್ಲಿ ಅವನ ಪಕ್ಕ ಕೂತು ಎಲ್ಲಾ ಒಪ್ಪಿಕೊಂಡೆ. ಹದಿನೆಂಟರಲ್ಲಿ ಆರು ಕಣೋ, ನಾನು ಸರಿಯಾಗಿ ನೋಡಿರಲಿಲ್ಲ ಅಂದೆ. ಅವನು ಗ್ಲೌಸ್ ಹಾಕಿಕೊಳ್ಳುತ್ತಾ ಸ್ವಲ್ಪ ಹೊತ್ತು ಯೋಚಿಸಿದ.

"ನೋಟ್‌ಬುಕ್ ತಂದಿದೀಯಾ?"

ತಂದಿದ್ದೆ.

"ತಿದ್ಕೋ ಹಾಗಾದ್ರೆ. ಹೋದ ವಾರದ ನನ್ನ ಮೂರು ಸೇರಿಸು. ಇಪ್ಪತ್ತೊಂದರಲ್ಲಿ ಆರು."